‘ಟು ಲೆಟ್’ ಬೋರ್ಡಿಗೆ ಮರುಳಾಗುವ ಮುನ್ನ…

ತೋಟದ ಮನೆಗೆ ಬಂದ ನೆಂಟರು ಹೊರಡುವಾಗ ಒಂದು ಕೆ.ಜಿ. ಕಾಫಿಪುಡಿ, ಒಂದಷ್ಟು ಕಾಳುಮೆಣಸು ಕಟ್ಟಿಕೊಡುವುದು ನಮ್ಮ ಮಲೆನಾಡಿನ ಪದ್ಧತಿ. ಅವರು ಬೆಂಗಳೂರು ತಲುಪಿ ಎರಡು ದಿನಕ್ಕೆ ಫೋನು ಬಂದೇ ಬರುತ್ತದೆ. ‘ಇಂಥಾ ಪುಡಿ ಇಲ್ಲೆಲ್ಲೂ ಸಿಗಲ್ಲ ಕಣಕ್ಕಾ. ನೀನ್ಯಾಕೆ ಇಲ್ಲೊಂದು ಅಂಗಡಿ ಇಡಬಾರದು?’

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಎಷ್ಟು ಹೆಂಗಸರು ಈ ಮಾತು ಕೇಳಿಲ್ಲ ಹೇಳಿ! ಕೇಳಿ ನಕ್ಕು ಸುಮ್ಮನಾಗುವವರೇ ಹೆಚ್ಚು. ಆದರೆ ಮಕ್ಕಳು ಓದಿಗೆಂದು ಬೆಂಗಳೂರು ಸೇರಿದ ಮೇಲೆ, ಅವರ ಜೊತೆ ಅಲ್ಲೇ ಮನೆ ಮಾಡಿದ ಮೇಲೆ, ಮಧ್ಯಾಹ್ನದ ಹೊತ್ತು ಬೇಸರವಾಗತೊಡಗಿದಾಗ ಆ ಮಾತು ಮತ್ತೆ ನೆನಪಾಗುತ್ತದೆ. ಸಂಜೆ ವಾಕಿಂಗ್ ಹೋದಾಗ ರಸ್ತೆಯ ಮೂಲೆಯಲ್ಲಿ ಒಂದು ಖಾಲಿ ಶಟರ್, ಅದರ ಮೇಲೊಂದು ‘ಟು ಲೆಟ್’ ಬೋರ್ಡ್ ಕಾಣಿಸಿಬಿಟ್ಟರಂತೂ ಮನಸ್ಸು ಆಗಲೇ ಅಂಗಡಿಗೆ ಹೆಸರು ಹುಡುಕಲು ಶುರುಮಾಡುತ್ತದೆ. ಕಾಫಿಪುಡಿ ಅಂತಲೇ ಅಲ್ಲ. ಬ್ಲೌಸ್ ಹೊಲಿಯುವವರು, ಚಕ್ಕುಲಿ-ಕೋಡುಬಳೆ ಮಾಡುವವರು, ಪಾರ್ಲರ್ ಇಡಬೇಕೆನ್ನುವವರು, ಮಕ್ಕಳಿಗೆ ಟ್ಯೂಷನ್ ಹೇಳುವವರು ಎಲ್ಲರೂ ಒಂದಲ್ಲ ಒಂದು ದಿನ ಆ ಬೋರ್ಡಿನ ಕೆಳಗಿನ ನಂಬರಿಗೆ ಫೋನ್ ಮಾಡುವವರೇ.

ಫೋನಿನಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ. ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ಚೌಕಾಸಿಯಲ್ಲಿ ನಮ್ಮನ್ನು ಮೀರಿಸುವವರಿಲ್ಲ, ಸಾವಿರ ರೂಪಾಯಿ ಇಳಿಸಿಕೊಂಡು ಗೆದ್ದೆವು ಅಂದುಕೊಳ್ಳುತ್ತೇವೆ. ಆದರೆ ಮಳಿಗೆಯ ವಿಷಯದಲ್ಲಿ ಬಾಡಿಗೆಯ ಮೊತ್ತಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಷ್ಟು ವರ್ಷ ಆ ಜಾಗ ನಿಮ್ಮ ಕೈಯಲ್ಲಿರುತ್ತದೆ ಮತ್ತು ಅದಕ್ಕೆ ಕಾಗದದ ಮೇಲೆ ಏನು ಆಧಾರ ಇದೆ ಅನ್ನೋದು.

ಕಾಫಿಹೌಸ್‌ಗೂ ತಪ್ಪಲಿಲ್ಲ

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿಹೌಸ್ ನೆನಪಿದೆಯಾ? ಬಿಳಿ ಸಮವಸ್ತ್ರ, ಪೇಟ ತೊಟ್ಟ ಸಪ್ಲೈಯರ್‌ಗಳು, ಹಳೇ ಮರದ ಕುರ್ಚಿ, ಸ್ಕ್ರಾಂಬಲ್ಡ್ ಎಗ್ಸ್, ಮೇಲೊಂದು ಸ್ಟ್ರಾಂಗ್ ಕಾಫಿ. ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿಹೌಸ್‌ಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಬೇಕಿದ್ದ ನೌಕರರೇ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘ ಕಟ್ಟಿಕೊಂಡರು. ಬೆಂಗಳೂರಿನ ಸಂಘ ಶುರುವಾಗಿದ್ದು 1957ರಲ್ಲಿ. ಎಂ.ಜಿ. ರಸ್ತೆಯ ಆ ಬಾಡಿಗೆ ಜಾಗದಲ್ಲಿ ಸುಮಾರು ಅರ್ಧ ಶತಮಾನ ಕಾಫಿ ಕಾಯಿಸಿದರು. ಕಟ್ಟಡದ ಮಾಲೀಕರ ಜೊತೆ ವರ್ಷಗಟ್ಟಲೆ ಕೋರ್ಟು-ಕಚೇರಿ ನಡೆಯಿತು. ಕೊನೆಗೆ 2009ರ ಏಪ್ರಿಲ್‌ನಲ್ಲಿ ಅಲ್ಲಿ ಬಾಗಿಲು ಹಾಕಲೇಬೇಕಾಯಿತು. ಅದೇ ವರ್ಷ ಪಕ್ಕದ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ತೆರೆದರು.

ಐವತ್ತು ವರ್ಷದ ಹೆಸರು, ಊರಿಗೆ ಊರೇ ಬಲ್ಲ ಗಿರಾಕಿಗಳು, ಬೆನ್ನಿಗೆ ಒಂದು ಸಂಘ. ಇಷ್ಟೆಲ್ಲ ಇದ್ದೂ ಜಾಗ ಬಿಡಬೇಕಾಯಿತು. ಅವರಿಗಾದರೆ ಪಕ್ಕದ ರಸ್ತೆಗೆ ಹುಡುಕಿಕೊಂಡು ಬರುವ ಅಭಿಮಾನಿಗಳಿದ್ದರು. ಎರಡು ವರ್ಷ ಹಳೆಯದಾದ ನಮ್ಮ ಪುಟ್ಟ ಅಂಗಡಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ?

ಮನೆ ಬದಲಿಸಿದರೆ ಸಾಮಾನು ಲಾರಿಗೆ ಹಾಕಿದರಾಯಿತು. ಅಂಗಡಿಯ ಕಥೆ ಹಾಗಲ್ಲ. ‘ಆ ಅರಳೀಮರದ ಹತ್ತಿರದ ಕಾಫಿಪುಡಿ ಅಂಗಡಿ’ ಅಂತ ಜನರ ಬಾಯಲ್ಲಿ ಕೂತದ್ದನ್ನು ಯಾವ ಲಾರಿಯೂ ಹೊರುವುದಿಲ್ಲ.

ಹನ್ನೊಂದು ತಿಂಗಳ ಕಾಗದ

ಮೂಡಿಗೆರೆ ಕಡೆಯ ನಮ್ಮ ಪರಿಚಯದವರೊಬ್ಬರು ಬೆಂಗಳೂರಿನ ಪಶ್ಚಿಮದ ಬಡಾವಣೆಯೊಂದರಲ್ಲಿ ಕಾಫಿಪುಡಿ ಅಂಗಡಿ ಇಟ್ಟಿದ್ದರು. ಗಂಡನ ತೋಟದ್ದೇ ಬೀಜ, ಎದುರಿಗೇ ಹುರಿದು ಪುಡಿಮಾಡಿ ಕೊಡುತ್ತಿದ್ದರು. ಮೊದಲ ವರ್ಷ ನೊಣ ಹೊಡೆದದ್ದೇ ಬಂತು. ಎರಡನೇ ವರ್ಷ ಪರವಾಗಿಲ್ಲ. ಮೂರನೇ ವರ್ಷ ಭಾನುವಾರ ಬೆಳಿಗ್ಗೆ ಕ್ಯೂ ನಿಲ್ಲುವ ಹಾಗಾಯಿತು. ಓನರ್ ಒಂದು ದಿನ ಬಂದು ನಯವಾಗಿಯೇ ಹೇಳಿದರಂತೆ, ‘ನಮ್ಮ ಹುಡುಗನಿಗೆ ಅಂಗಡಿ ಬೇಕು ಅಮ್ಮಾ, ಮುಂದಿನ ತಿಂಗಳು ಬಿಟ್ಟುಕೊಡಿ.’

ಅಗ್ರಿಮೆಂಟ್ ತೆಗೆದು ನೋಡಿದರೆ ಅದು 11 ತಿಂಗಳದ್ದು, ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಆಮೇಲೆ ನಡೆದದ್ದೆಲ್ಲ ‘ನಡೀತಿದೆ ಬಿಡಿ’ ಅನ್ನುವ ಬಾಯಿಮಾತಿನಲ್ಲಿ. ಖಾಲಿಮಾಡಿಕೊಟ್ಟರು. ಈಗ ಅಲ್ಲಿ ಏನಿದೆ ಗೊತ್ತಾ? ಕಾಫಿಪುಡಿ ಅಂಗಡಿಯೇ! ಹಳೇ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಕೈ ಬದಲಾದದ್ದೂ ಗೊತ್ತಿಲ್ಲವಂತೆ.

ಈ 11 ತಿಂಗಳ ಲೆಕ್ಕ ಎಲ್ಲಿಂದ ಬಂತು ಅಂದರೆ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಕಾನೂನಿನ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಎಲ್ಲರೂ 11 ತಿಂಗಳು ಬರೆಸುತ್ತಾರೆ. ಮನೆಗಾದರೆ ನಡೆಯುತ್ತದೆ. ಅಂಗಡಿಗೆ ಇದು ಸಾಲದು. ಐದು ವರ್ಷ ಅಂತ ಸ್ಟಾಂಪ್ ಪೇಪರಿನಲ್ಲಿ ಬರೆಸಿ, ನೋಟರಿ ಸೀಲು ಒತ್ತಿಸಿ, ನೋಂದಣಿ ಮಾಡಿಸದೆ ಬಿಟ್ಟರೆ? ಆ ಐದು ವರ್ಷಕ್ಕೆ ಬೆಲೆಯಿಲ್ಲ. ಕಾನೂನು ಅದನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅಂತಲೇ ನೋಡುತ್ತದೆ. ಅಂಥ ಬಾಡಿಗೆದಾರರನ್ನು ಬಿಡಿಸಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ 15 ದಿನಗಳ ನೋಟಿಸ್ ಸಾಕು. ನೋಟರಿ ಬೇರೆ, ನೋಂದಣಿ ಬೇರೆ. ಇದೊಂದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

‘ಬಾಡಿಗೆದಾರರಿಗೆ ಅಂತಲೇ ಕಾಯ್ದೆ ಇದೆಯಲ್ಲ, ಅಷ್ಟು ಸುಲಭಕ್ಕೆ ಬಿಡಿಸೋಕಾಗುತ್ತಾ?’ ಅಂತ ಕೇಳುವವರಿದ್ದಾರೆ. ಇದೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ 14 ಚದರ ಮೀಟರ್‌ಗಿಂತ, ಅಂದರೆ ಸುಮಾರು 150 ಚದರಡಿಗಿಂತ ದೊಡ್ಡ ಮಳಿಗೆಗೆ ಅದು ಅನ್ವಯಿಸುವುದಿಲ್ಲ. ಅದಕ್ಕಿಂತ ಚಿಕ್ಕದಾದರೂ ಬಾಡಿಗೆಗೊಂದು ಮಿತಿ ಇದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ. ಆ ದುಡ್ಡಿಗೆ ಇವತ್ತು ಬೆಂಗಳೂರಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ! ಹಾಗಾಗಿ ನಮ್ಮಂಥವರನ್ನು ಕಾಯುವುದು ನಾವು ಬರೆಸಿಕೊಂಡ ಕರಾರು ಮಾತ್ರ.

ಮೂರು ಅಥವಾ ಐದು ವರ್ಷಕ್ಕೆ ಬರೆಸಿ, ನೋಂದಣಿ ಮಾಡಿಸಿ. ಕಾವೇರಿ 2.0 ಬಂದಮೇಲೆ ಅರ್ಜಿ, ಶುಲ್ಕ, ದಿನ ಗೊತ್ತುಮಾಡಿಕೊಳ್ಳುವುದು ಎಲ್ಲಾ ಆನ್‌ಲೈನ್‌ನಲ್ಲೇ ಆಗುತ್ತದೆ. ಓನರ್ ಖರ್ಚಿಗೆ ಗೊಣಗಿದರೆ ಅರ್ಧ ನಾನು ಕೊಡುತ್ತೇನೆ ಅನ್ನಿ, ಪೂರ್ತಿ ಕೊಟ್ಟರೂ ನಷ್ಟವಿಲ್ಲ. ಹೀಗೆ ನೋಂದಣಿಯಾದ ಮೇಲೆ ನಡುವೆ ಕಟ್ಟಡ ಮಾರಾಟವಾದರೂ ಕೊಂಡವರು ನಿಮ್ಮ ಕರಾರಿಗೆ ಬದ್ಧರು. ಆದರೆ ಅಡ್ವಾನ್ಸ್ ವಾಪಸು ಕೊಡುವ ಹೊಣೆ ಹೊಸ ಮಾಲೀಕರದ್ದು ಅಂತ ಒಂದು ಸಾಲು ಸ್ಪಷ್ಟವಾಗಿ ಸೇರಿಸಿಬಿಡಿ. ಇಲ್ಲದಿದ್ದರೆ ಇವರನ್ನು ಕೇಳಿದರೆ ಅವರ ಕಡೆ, ಅವರನ್ನು ಕೇಳಿದರೆ ಇವರ ಕಡೆ ಕೈತೋರಿಸುತ್ತಾರೆ.

‘ಲಾಕ್ ಇನ್’ ಅನ್ನುವ ಪದ ಕಂಡರೆ ನಿಂತು ಎರಡು ಸಲ ಓದಿ. ಒಂದು ವರ್ಷ ಲಾಕ್ ಇನ್ ಅಂದರೆ ವ್ಯಾಪಾರ ಮಲಗಿ ಆರನೇ ತಿಂಗಳಿಗೇ ಬಾಗಿಲು ಮುಚ್ಚಿದರೂ ಉಳಿದ ಆರು ತಿಂಗಳ ಬಾಡಿಗೆ ಕೇಳುವ ಹಕ್ಕು ಅವರಿಗಿರುತ್ತದೆ. ಈ ಕಟ್ಟು ಓನರಿಗೆ ಇರಲಿ, ನಮಗೆ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡುವ ಅವಕಾಶ ಇರಲಿ ಅಂತ ಕೇಳಿ. ಒಪ್ಪುತ್ತಾರಾ? ಎಲ್ಲರೂ ಒಪ್ಪಲ್ಲ. ಆದರೆ ಆರು ತಿಂಗಳಿಂದ ಖಾಲಿ ಬಿದ್ದಿರುವ ಮಳಿಗೆಯವರು ಒಪ್ಪುತ್ತಾರೆ. ಎಷ್ಟು ದಿನದಿಂದ ಖಾಲಿ ಇದೆ ಅನ್ನೋದನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲೋ ಎಳನೀರಿನವರ ಹತ್ತಿರವೋ ವಿಚಾರಿಸಿ, ಬ್ರೋಕರ್ ಹತ್ತಿರ ಅಲ್ಲ.

ಗಂಟು ಎಲ್ಲಿಂದ ಬರುತ್ತದೆ?

ಬೆಂಗಳೂರಿನ ಅಡ್ವಾನ್ಸ್ ಅಂದರೆ ಹೊರಗಿನವರು ಬೆಚ್ಚಿಬೀಳುತ್ತಾರೆ. ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿನ ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ಅಂಗಡಿ, ಆಫೀಸುಗಳಿಗೆ ಆರು ತಿಂಗಳ ಮಿತಿ ಹೇಳುತ್ತದೆ, ಆದರೆ ರಾಜ್ಯ ತನ್ನದೇ ಕಾಯ್ದೆಯಾಗಿ ಅದನ್ನು ತಂದರಷ್ಟೇ ಅದಕ್ಕೆ ಬಲ. ಹಾಗಿದ್ದರೂ ಮಾತುಕತೆಗೆ ಇದು ಒಳ್ಳೇ ಅಸ್ತ್ರ. ‘ಕೇಂದ್ರದ ಮಾದರಿಯಲ್ಲೇ ಆರು ಅಂತ ಇದೆಯಲ್ಲ ಸಾರ್’ ಅಂದು ನೋಡಿ.

ಒಂದು ಲೆಕ್ಕ ಹಾಕೋಣ. ಬಾಡಿಗೆ 20,000 ಅಂತಿಟ್ಟುಕೊಳ್ಳಿ. ಅಡ್ವಾನ್ಸ್ ಹತ್ತು ತಿಂಗಳು, ಅಂದರೆ ಎರಡು ಲಕ್ಷ. ಹೆಚ್ಚಿನ ಮನೆಗಳಲ್ಲಿ ಈ ಗಂಟು ಬರುವುದು ಬಳೆ, ಸರ ಅಡವಿಟ್ಟು. ಚಿನ್ನದ ಸಾಲಕ್ಕೆ ಶೇ 9 ಬಡ್ಡಿ ಅಂದುಕೊಂಡರೆ ವರ್ಷಕ್ಕೆ 18,000, ತಿಂಗಳಿಗೆ 1,500. ಓನರ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಬಾಡಿಗೆ ಮೇಲೆ ಶೇ 18 ತೆರಿಗೆ, ಅಂದರೆ 3,600. ನಿಮಗೂ ಜಿಎಸ್‌ಟಿ ನಂಬರ್ ಇದ್ದು ಮಾಮೂಲಿ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದರೆ ಇದನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನಂಬರ್ ಇಲ್ಲದ ಸಣ್ಣ ವ್ಯಾಪಾರವಾದರೆ ಅದು ಕೈಯಿಂದಲೇ ಹೋಗುವ ದುಡ್ಡು. ಎಲ್ಲಾ ಕೂಡಿದರೆ ಇಪ್ಪತ್ತು ಸಾವಿರದ ಬಾಡಿಗೆ 25,100 ಆಯಿತು! ಒಂದು ಕೆ.ಜಿ. ಪುಡಿಗೆ ನೂರು ರೂಪಾಯಿ ಉಳಿಯುತ್ತದೆ ಅಂದುಕೊಂಡರೂ ಬರೀ ಜಾಗಕ್ಕಾಗಿಯೇ ತಿಂಗಳಿಗೆ 251 ಕೆ.ಜಿ. ಮಾರಬೇಕು. ದಿನಕ್ಕೆ ಎಂಟು ಕೆ.ಜಿ.ಯ ಮೇಲೆ. ಹುಡುಗಿಯ ಸಂಬಳ, ಕರೆಂಟು, ಪ್ಯಾಕೆಟ್ಟು ಎಲ್ಲಾ ಆಮೇಲೆ.

ಇದರಲ್ಲಿ ಒಂದು ತಿರುವೂ ಇದೆ. ಓನರಿಗೆ ಜಿಎಸ್‌ಟಿ ನಂಬರ್ ಇಲ್ಲ, ನಿಮಗಿದೆ ಅನ್ನಿ. 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ನೀವೇ ಸರ್ಕಾರಕ್ಕೆ ಕಟ್ಟಬೇಕು. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ 2025ರ ಜನವರಿಯಿಂದ ಇದರಿಂದ ವಿನಾಯಿತಿ ಸಿಕ್ಕಿದೆ. ಅಡ್ವಾನ್ಸ್ ಕೊಡುವ ಮುಂಚೆ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬರುವುದು ಒಳ್ಳೆಯದು.

ಪ್ರತಿವರ್ಷದ ಏರಿಕೆಯನ್ನೂ ಗಮನಿಸಿ. ಶೇ 5ಕ್ಕೂ ಶೇ 10ಕ್ಕೂ ಏನು ಮಹಾ ವ್ಯತ್ಯಾಸ ಅನಿಸಬಹುದು. ಇದೇ 20,000 ಐದನೇ ವರ್ಷಕ್ಕೆ ಮೊದಲನೆಯದರಲ್ಲಿ 24,310 ಆದರೆ ಎರಡನೆಯದರಲ್ಲಿ 29,282 ಆಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ತಾಪತ್ರಯ. ತೋಟದ ದುಡ್ಡು ಬರುವುದು ವರ್ಷಕ್ಕೊಮ್ಮೆ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗಿ ರೋಬಸ್ಟಾ ಮುಗಿಯುವಾಗ ಮಾರ್ಚ್. ಆಮೇಲೆ ಮುಂದಿನ ಕೊಯ್ಲಿನ ತನಕ ಗೊಬ್ಬರ, ಔಷಧಿ, ಆಳುಗಳ ಸಂಬಳ ಅಂತ ಬರೀ ಖರ್ಚೇ. ಬಾಡಿಗೆ ಮಾತ್ರ ಪ್ರತಿ ತಿಂಗಳು 5ನೇ ತಾರೀಕಿಗೆ ತಪ್ಪದೆ ಬಂದು ನಿಲ್ಲುತ್ತದೆ. ಆಟಿ-ಶ್ರಾವಣದ ಮಳೆಯಲ್ಲಿ ತೋಟದಲ್ಲಿ ಕೊಳೆರೋಗ ಬಿದ್ದಿದೆಯೋ, ಘಾಟಿ ಕುಸಿದಿದೆಯೋ ಓನರಿಗೆ ಅದು ಸಂಬಂಧವಿಲ್ಲ. ಅದಕ್ಕೇ ಕರಾರು ಜನವರಿ-ಫೆಬ್ರವರಿಯಲ್ಲಿ ಶುರುವಾಗುವ ಹಾಗೆ ಮಾಡಿಕೊಂಡರೆ ಪ್ರತಿವರ್ಷದ ಏರಿಕೆ, ನವೀಕರಣದ ಖರ್ಚು ಎಲ್ಲವೂ ಕೈಯಲ್ಲಿ ಕಾಸಿರುವ ಹೊತ್ತಿಗೆ ಬರುತ್ತದೆ. ಕೊಯ್ಲಿನ ದುಡ್ಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳ ಬಾಡಿಗೆಯನ್ನು ಬೇರೆ ಖಾತೆಯಲ್ಲಿ ಎತ್ತಿಡಿ. ಆ ಖಾತೆಯ ಎಟಿಎಂ ಕಾರ್ಡು ಮನೆಯಲ್ಲಿ ಯಾರ ಕೈಗೂ ಸಿಗದಂತಿರಲಿ!

ಟೇಪು ಹಿಡಿದು ಹೋಗಿ

‘ಇನ್ನೂರು ಚದರಡಿ ಇದೆ ಮೇಡಂ’ ಅಂತ ಬ್ರೋಕರ್ ಹೇಳಿದರೆ ಒಳಗಿನ ಅಳತೆಯೋ, ಗೋಡೆ, ಮೆಟ್ಟಿಲು, ಪ್ಯಾಸೇಜ್ ಎಲ್ಲ ಸೇರಿಸಿದ ಸೂಪರ್ ಬಿಲ್ಟ್‌ಅಪ್ಪೋ ಕೇಳಿ. ಟೈಲರಿಂಗ್ ಟೇಪಾದರೂ ಸರಿ, ತೆಗೆದು ಅಳೆದುಬಿಡಿ. ನಾಚಿಕೆ ಯಾಕೆ? ಅಂದಹಾಗೆ ಪುಡಿ ಅಂಗಡಿಗೆ ದೊಡ್ಡ ಜಾಗ ಬೇಕಾಗಿಯೂ ಇಲ್ಲ. ಮೂಟೆಗಳು ಊರಲ್ಲೇ ಇರಲಿ, ವಾರಕ್ಕೆ ಬೇಕಾದಷ್ಟು ಬಸ್ಸಿನಲ್ಲಿ ಬರಲಿ. ಗಿರಾಕಿಯನ್ನು ಕರೆಯುವುದು ಹುರಿದ ಕಾಫಿಯ ಘಮ, ಅಂಗಡಿಯ ಅಗಲ ಅಲ್ಲ.

ಆ ಘಮವೇ ಮೇಲಿನ ಮನೆಯವರಿಗೆ ಹೊಗೆಯಾಗಬಹುದು, ಗ್ರೈಂಡರ್ ಸದ್ದು ತಲೆನೋವಾಗಬಹುದು. ಇಂಥ ಯಂತ್ರ ಇಡುತ್ತೇವೆ ಅಂತ ಕರಾರಿನಲ್ಲೇ ಬರೆಸಿ.

ಮೀಟರ್ ಬೋರ್ಡ್ ನೋಡಲು ಮರೆಯಬೇಡಿ. ಮನೆಯ ಮೀಟರಿನಿಂದಲೇ ಅಂಗಡಿಗೆ ಎಳೆದುಕೊಟ್ಟಿರುವ ಕಟ್ಟಡಗಳು ಬೇಕಾದಷ್ಟಿವೆ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಮನೆಗಳಿಗೆ ಮಾತ್ರ, ಅಂಗಡಿಗೆ ವಾಣಿಜ್ಯ ದರದ ಮೀಟರೇ ಬೇಕು. ಬೆಸ್ಕಾಂನವರು ತಪಾಸಣೆಗೆ ಬಂದಾಗ ದಂಡದ ಮಾತು ಬರುವುದು ಬಳಸುತ್ತಿರುವವರ ಎದುರಿಗೇ. ಗ್ರೈಂಡರ್, ರೋಸ್ಟರ್‌ಗೆ ಸಾಕಾಗುವಷ್ಟು ಲೋಡ್ ಮಂಜೂರಾಗಿದೆಯಾ, ಹೆಚ್ಚಿಸಬೇಕಾದರೆ ಡೆಪಾಸಿಟ್ ಯಾರು ಕಟ್ಟಬೇಕು ಅನ್ನೋದನ್ನೂ ಮೊದಲೇ ಮಾತಾಡಿ.

ರಸ್ತೆಯ ಅಗಲವೂ ಲೆಕ್ಕಕ್ಕೆ ಬರುತ್ತದೆ. ವಸತಿ ಬಡಾವಣೆಯ ಕಿರಿದಾದ ಅಡ್ಡರಸ್ತೆಯಲ್ಲಿ ಬಾಡಿಗೆ ಕಡಿಮೆ ಇರುತ್ತದೆ ನಿಜ, ಆದರೆ ವಲಯ ನಿಯಮದ ಪ್ರಕಾರ ಅಲ್ಲಿ ವ್ಯಾಪಾರಕ್ಕೆ ಅವಕಾಶ ಇಲ್ಲದಿದ್ದರೆ ಉದ್ದಿಮೆ ಪರವಾನಗಿ, ಅಂದರೆ ಟ್ರೇಡ್ ಲೈಸೆನ್ಸ್ ಸಿಗುವುದು ಕಷ್ಟ. ಮೊದಲಾದರೆ ಇದಕ್ಕೆಲ್ಲ ಬಿಬಿಎಂಪಿ ಅಂತಿತ್ತು. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳಾಗಿವೆ. ನೀವು ನೋಡಿದ ಮಳಿಗೆ ಯಾವ ಪಾಲಿಕೆಗೆ ಸೇರುತ್ತದೆ ತಿಳಿದುಕೊಂಡು, ಅಲ್ಲಿ ಲೈಸೆನ್ಸ್ ಸಿಗುತ್ತದೆಯೇ ಅಂತ ಅಡ್ವಾನ್ಸ್ ಕೊಡುವ ಮುಂಚೆ ಕೇಳಿ, ಕೊಟ್ಟಮೇಲೆ ಅಲ್ಲ. ಲೈಸೆನ್ಸ್ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸು ಅಂತ ಬರೆಸಿಕೊಂಡರೆ ಇನ್ನೂ ಕ್ಷೇಮ. ತಿಂಡಿ, ಪುಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿಯೂ ಆಗಬೇಕು. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅನ್ನುವ ಕಾನೂನು 2024ರಲ್ಲಿ ಬಂದಿದೆ. ನಮಗದು ಹೇಳಿಸಿಕೊಳ್ಳಬೇಕಾದ ಮಾತೇನಲ್ಲ ಬಿಡಿ, ಆದರೆ ಬೋರ್ಡ್ ಹಾಕಲು ಜಾಗವೇ ಇಲ್ಲದ ಮಳಿಗೆಗಳಿವೆ!

ಕೊಡುವವರು ನಿಜವಾಗಿ ಓನರೇ ಹೌದಾ? ಖಾತಾ, ತೆರಿಗೆ ರಸೀದಿ ಕೇಳಿ. ಒಂದು ಇ.ಸಿ. ತೆಗೆಸಿದರೆ ಕಟ್ಟಡ ಬ್ಯಾಂಕಿಗೆ ಅಡಮಾನ ಆಗಿದೆಯಾ ಅನ್ನೋದು ತಿಳಿಯಬಹುದು. ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿಯೂ ಬೀಳಲಿ. ಅಡ್ವಾನ್ಸನ್ನು ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಕೊಡಿ. ಅರ್ಧ ಕ್ಯಾಶ್ ಕೊಡಿ, ಅಗ್ರಿಮೆಂಟಿನಲ್ಲಿ ಕಡಿಮೆ ತೋರಿಸೋಣ ಅಂದರೆ ಆ ಕ್ಯಾಶಿಗೆ ನೀವು ಆಗಲೇ ಎಳ್ಳುನೀರು ಬಿಟ್ಟ ಹಾಗೆ.

ಸಹಿ ಯಾರದ್ದು?

ಎಲ್ಲಾ ಒಪ್ಪಿಗೆಯಾಗಿ ಸಹಿ ಹಾಕುವ ಹೊತ್ತಿಗೆ ಓನರ್ ಕೇಳುತ್ತಾರೆ, ‘ಯಜಮಾನರು ಬರ್ತಾರಾ?’ ನಾವೂ ‘ಬರ್ತಾರೆ ಬರ್ತಾರೆ’ ಅಂದುಬಿಡುತ್ತೇವೆ. ನಿಲ್ಲಿ. ಅಡವಿಟ್ಟದ್ದು ನಿಮ್ಮ ಬಳೆ, ಅಂಗಡಿಯಲ್ಲಿ ಕೂರುವವರು ನೀವು, ಮತ್ತೆ ಕರಾರು ಮಾತ್ರ ಅವರ ಹೆಸರಿನಲ್ಲಿ ಯಾಕೆ?

ಇದು ಹಟದ ಮಾತಲ್ಲ. ಟ್ರೇಡ್ ಲೈಸೆನ್ಸ್, ಕರೆಂಟ್ ಅಕೌಂಟ್, ಜಿಎಸ್‌ಟಿ ನಂಬರ್ ಎಲ್ಲದಕ್ಕೂ ಮೊದಲು ಕೇಳುವುದು ಈ ಬಾಡಿಗೆ ಕರಾರನ್ನೇ. ಅದರಲ್ಲಿ ಯಾರ ಹೆಸರಿದೆಯೋ ವ್ಯಾಪಾರವೂ ಅವರದ್ದೇ ಆಗುತ್ತದೆ. ನಾಳೆ ಮಹಿಳೆಯರಿಗೆಂದೇ ಇರುವ ‘ಉದ್ಯೋಗಿನಿ’ಯಂಥ ಯೋಜನೆಗೆ ಅರ್ಜಿ ಹಾಕಬೇಕಾದಾಗ ‘ಅಂಗಡಿ ನಿಮ್ಮದು ಅನ್ನೋದಕ್ಕೆ ದಾಖಲೆ?’ ಅಂದರೆ ಏನು ತೋರಿಸುತ್ತೀರಿ? ಯಜಮಾನರು ಬೇಕಾದರೆ ಸಾಕ್ಷಿ ಸಹಿ ಹಾಕಲಿ, ಜೊತೆಗೆ ಬಂದು ಕಾಫಿಯನ್ನೂ ಕುಡಿಯಲಿ. ಕರಾರು ನಿಮ್ಮ ಹೆಸರಿಗೇ ಇರಲಿ. ತವರಿನವರೋ ಮೈದುನನೋ ದುಡ್ಡು ಹಾಕಿದ್ದರೆ ಅದಕ್ಕೆ ಬೇರೆ ಪತ್ರ ಬರೆದುಕೊಳ್ಳಿ, ಇದರಲ್ಲಿ ಬೆರೆಸಬೇಡಿ.

ಇನ್ನೂ ಧೈರ್ಯ ಸಾಲದಿದ್ದರೆ ನೆಂಟರ ಅಂಗಡಿಯಲ್ಲೇ ಒಂದು ಮೂಲೆ ಕೇಳಿಕೊಂಡು, ಅಪಾರ್ಟ್‌ಮೆಂಟಿನ ಭಾನುವಾರದ ಸಂತೆಯಲ್ಲಿ ಮೇಜು ಹಾಕಿಕೊಂಡು ಆರು ತಿಂಗಳು ನೋಡಿ. ಎಂಟು ಕೆ.ಜಿ. ಲೆಕ್ಕ ಮುಟ್ಟುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಮಳಿಗೆ ಹಿಡಿದೇ ಬಿಟ್ಟಿರಾ? ಹಾಗಾದರೆ ಒಳಗಿನ ಕೆಲಸಕ್ಕೆ ಕನಿಷ್ಠ 15 ದಿನ ಬಾಡಿಗೆಯಿಲ್ಲದೆ ಬಿಡಲು ಕೇಳಿ. ಕೀ ತೆಗೆದುಕೊಂಡ ದಿನವೇ ಖಾಲಿ ಮಳಿಗೆಯ ಗೋಡೆ, ನೆಲ, ಶಟರ್, ಮೀಟರ್ ರೀಡಿಂಗ್ ಎಲ್ಲದರ ಫೋಟೊ ಹೊಡೆದು ಓನರಿಗೆ ವಾಟ್ಸಾಪ್ ಮಾಡಿ. ನೀವು ಹಾಕಿಸುವ ಕೌಂಟರ್, ರ‍್ಯಾಕ್, ಲೈಟು, ಫ್ಯಾನುಗಳ ಪಟ್ಟಿಯನ್ನು ಕರಾರಿಗೆ ಲಗತ್ತಿಸಿ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಗವನ್ನು ಮೊದಲಿದ್ದಂತೆ ಮಾಡಿಕೊಟ್ಟು ಅವನ್ನು ಬಿಚ್ಚಿಕೊಂಡು ಹೋಗುವ ಹಕ್ಕು ಬಾಡಿಗೆದಾರರಿಗಿದೆ. ಆದರೆ ಅದು ಕೀ ಕೈಯಲ್ಲಿರುವ ತನಕ ಮಾತ್ರ. ಬಿಡುವ ದಿನ ಕೀ ಕೊಡುವುದು, ಅಡ್ವಾನ್ಸ್ ವಾಪಸು ಪಡೆಯುವುದು ಒಂದೇ ಹೊತ್ತಿಗೆ ಆಗಲಿ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನೋದೂ ಮೊದಲೇ ಬರೆದಿರಲಿ. ಹೊರಡುವಾಗ ಹೊಸ ವಿಳಾಸ, ಫೋನ್ ನಂಬರ್ ಬರೆದ ಚೀಟಿಯನ್ನು ಶಟರಿಗೆ ಅಂಟಿಸಲು ಒಂದು ತಿಂಗಳ ಅವಕಾಶ ಕೇಳಿ ಬರೆಸಿಕೊಳ್ಳಿ. ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಕರಾರಿಗೆ ಸಹಿ ಹಾಕುವ ದಿನ ಕೇಳಿದರೆ.